ಮಾರುವ ಹಕ್ಕಿಲ್ಲದವರಿಂದ ಕೊಂಡದ್ದು: ಹೈಡಾ, ಟ್ಲಿಂಗಿಟ್ ಕೆತ್ತನೆಗಳು ಯಾರವು?

1999ರಲ್ಲಿ ಅಲಾಸ್ಕಾದ ಟ್ಲಿಂಗಿಟ್ ಜನಾಂಗದ ಕೆಲವು ಹಿರಿಯರು ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಗೆ ಹೋಗಿದ್ದರು. ತಮ್ಮವರ ವಸ್ತುಗಳು ಅಲ್ಲಿ ಏನೇನಿವೆ ಎಂದು ಉಗ್ರಾಣದಲ್ಲಿ ನೋಡುತ್ತಿದ್ದಾಗ ಮರದಲ್ಲಿ ಕೆತ್ತಿದ ಬೀವರ್ (ಹೊಳೆಗೆ ಒಡ್ಡು ಕಟ್ಟುವ ಪ್ರಾಣಿ) ಒಂದು ಕಣ್ಣಿಗೆ ಬಿತ್ತು. ಅಂಗೂನ್ ಎಂಬ ಹಳ್ಳಿಯ ಒಂದು ದೋಣಿಯ ಮುಂತುದಿಯಲ್ಲಿ ಕೂತಿದ್ದ ಬೀವರ್ ಅದು. ದಶಕಗಳ ಹಿಂದೆ ಕಾಣೆಯಾಗಿತ್ತು. ಅದು ನ್ಯೂಯಾರ್ಕಿನಲ್ಲಿದೆ ಎಂದು ಊರಿನವರಿಗೆ ತಿಳಿದಿರಲಿಲ್ಲ. ಅದೇ ವರ್ಷ ಮ್ಯೂಸಿಯಂ ಅದನ್ನು ಅಂಗೂನಿಗೆ ಹಿಂತಿರುಗಿಸಿತು.

ಆ ದೋಣಿಯ ಕಥೆ ಗೊತ್ತಾಗದೆ ಈ ಮರದ ತುಂಡಿನ ತೂಕ ಅರ್ಥವಾಗುವುದಿಲ್ಲ. 1882ರಲ್ಲಿ ತಿಮಿಂಗಿಲ ಬೇಟೆಯ ಕಂಪನಿಯೊಂದರ ಕೆಲಸದಲ್ಲಿದ್ದ ಟ್ಲಿಂಗಿಟ್ ಮಂತ್ರವಾದಿಯೊಬ್ಬ ಸ್ಫೋಟದಲ್ಲಿ ಸತ್ತ. ಟ್ಲಿಂಗಿಟ್ ಪದ್ಧತಿಯಲ್ಲಿ ಇಂಥ ಸಾವಿಗೆ ಪರಿಹಾರ ಕೊಡಲೇಬೇಕು. ಅವರು 200 ಕಂಬಳಿ ಕೇಳಿದರು. ಅಮೆರಿಕದ ನೌಕಾಪಡೆ ಬಂದು ಪರಿಹಾರ ಕೊಡಿಸುವುದರ ಬದಲು ಊರಿನ ಮೇಲೆಯೇ 400 ಕಂಬಳಿಗಳ ದಂಡ ಹೇರಿತು. ಅಷ್ಟನ್ನು ಹೊಂದಿಸಲು ಆಗದಿದ್ದಾಗ, ಅಕ್ಟೋಬರ್ 26ರಂದು ಫಿರಂಗಿ ಹಾರಿಸಿ, ಮನೆಗಳಿಗೆ ಬೆಂಕಿ ಇಟ್ಟು, ಚಳಿಗಾಲಕ್ಕೆ ಕೂಡಿಟ್ಟ ಆಹಾರವನ್ನೂ ದೋಣಿಗಳನ್ನೂ ನಾಶಮಾಡಿತು. ಹೊಗೆಯಲ್ಲಿ ಉಸಿರುಕಟ್ಟಿ ಆರು ಮಕ್ಕಳು ಸತ್ತರು. ಊರಿನಿಂದ ಹೊರಗಿದ್ದ ಒಂದು ದೋಣಿ ಮಾತ್ರ ಉಳಿಯಿತು. ಆ ಚಳಿಗಾಲದಲ್ಲಿ ಊರು ಬದುಕಿದ್ದು ಅದರಿಂದ. ಮುಂದೊಂದು ದಿನ ಅದು ಬಿರುಕು ಬಿಟ್ಟಾಗ ಊರಿನವರು ಅದಕ್ಕೆ ಮನುಷ್ಯರಿಗೆ ಮಾಡುವಂತೆ ದಹನಸಂಸ್ಕಾರ ಮಾಡಿದರು. ಉಳಿದದ್ದು ಮುಂತುದಿಯ ಬೀವರ್ ಒಂದೇ. ಅಮೆರಿಕದ ನೌಕಾಪಡೆ ಅಂಗೂನಿಗೆ ಬಂದು ಔಪಚಾರಿಕವಾಗಿ ಕ್ಷಮೆ ಕೇಳಿದ್ದು 2024ರ ಅಕ್ಟೋಬರ್ 26ರಂದು, ಅಂದರೆ ಸರಿಯಾಗಿ 142 ವರ್ಷಗಳ ನಂತರ.

ಇಂಥ ವಸ್ತುಗಳ ವಾಪಸಾತಿಯ ಚರ್ಚೆ ಬಂದಾಗಲೆಲ್ಲ ಮ್ಯೂಸಿಯಂಗಳ ಪರವಾಗಿ ಒಂದು ವಾದ ಬರುತ್ತದೆ: ನಾವು ಕದ್ದಿಲ್ಲ, ದುಡ್ಡು ಕೊಟ್ಟು ಕೊಂಡಿದ್ದೇವೆ, ರಸೀದಿ ಇದೆ. ಅನೇಕ ಸಂದರ್ಭಗಳಲ್ಲಿ ಅದು ನಿಜವೂ ಹೌದು. ಹೈಡಾ ಮತ್ತು ಟ್ಲಿಂಗಿಟ್ ಕೆತ್ತನೆಗಳಲ್ಲಿ ಒಂದು ಭಾಗ ಬಂದದ್ದು ಹಾಡಹಗಲ ಲೂಟಿಯಿಂದ, ದೊಡ್ಡ ಭಾಗ ಬಂದದ್ದು ಖರೀದಿಯಿಂದ. ಆದರೆ ಮಾರಿದವರಿಗೆ ಮಾರುವ ಹಕ್ಕು ಇತ್ತೇ ಎಂಬುದು ಬೇರೆಯದೇ ಪ್ರಶ್ನೆ. ಇಡೀ ವಿವಾದ ನಿಂತಿರುವುದು ಅದರ ಮೇಲೆ ಎಂದು ನನಗೆ ಅನ್ನಿಸುತ್ತದೆ.

ಹೈಡಾ ಜನರ ನೆಲೆ ಕೆನಡಾದ ಪಶ್ಚಿಮ ಕರಾವಳಿಯಾಚೆಗಿನ ಹೈಡಾ ಗ್ವಾಯ್ ದ್ವೀಪಸಮೂಹ. 2010ರವರೆಗೂ ಸರ್ಕಾರಿ ನಕ್ಷೆಗಳಲ್ಲಿ ಅದರ ಹೆಸರು ಕ್ವೀನ್ ಷಾರ್ಲಟ್ ದ್ವೀಪಗಳು ಎಂದಿತ್ತು. ಅವರಲ್ಲಿ ಕೆಲವರು ದಕ್ಷಿಣ ಅಲಾಸ್ಕಾದಲ್ಲೂ ಇದ್ದಾರೆ. ಟ್ಲಿಂಗಿಟ್ ಜನರು ಅಲಾಸ್ಕಾದ ಆಗ್ನೇಯದ ದ್ವೀಪಗಳ, ಕಡಲಚಾಚುಗಳ ಒಡೆಯರು. ಎರಡೂ ಕಡೆ ಬದುಕು ಸಾಲ್ಮನ್ ಮೀನು ಮತ್ತು ಸೀಡರ್ ಮರದ ಸುತ್ತ ಬೆಳೆದದ್ದು. ಮನೆ, ದೋಣಿ, ಪೆಟ್ಟಿಗೆ, ಮುಖವಾಡ, ಕಂಬ ಎಲ್ಲವೂ ಮರದ್ದೇ. ಒಂದೇ ಹಲಗೆಗೆ ಗೀರು ಕೊಟ್ಟು, ಹಬೆಯಲ್ಲಿ ಮೆದುಗೊಳಿಸಿ, ಮೂರು ಮೂಲೆ ಬಾಗಿಸಿ, ನಾಲ್ಕನೆಯದನ್ನು ಬೆಣೆ ಹೊಡೆದೋ ಹೊಲಿದೋ ಸೇರಿಸುವ ಅವರ ಪೆಟ್ಟಿಗೆಗಳು ನೀರು ಸೋರುವುದಿಲ್ಲ. ಅದರ ಮೈಮೇಲೆ ಹರಿಯುವ ಕಪ್ಪು ಕೆಂಪು ರೇಖೆಗಳನ್ನು ಹಿಂಬಾಲಿಸುತ್ತಾ ಹೋದರೆ ಒಂದು ಕಣ್ಣು, ಒಂದು ರೆಕ್ಕೆ, ಒಂದು ಪಂಜ ನಿಧಾನವಾಗಿ ಗುರುತು ಸಿಗುತ್ತವೆ. ಈ ಕಲೆಯನ್ನು ಚಿತ್ರದಲ್ಲಿ ನೋಡಿದವರೂ ಮರೆಯಲಾರರು.

ಆದರೆ ಚೆಲುವಿನಾಚೆಗೆ ಇವುಗಳಿಗೆ ಇನ್ನೊಂದು ಕೆಲಸವಿದೆ. ಎರಡೂ ಸಮಾಜಗಳು ರೇವನ್ (ದೊಡ್ಡ ಕಾಡುಕಾಗೆ) ಮತ್ತು ಹದ್ದು ಎಂಬ ಎರಡು ಪಂಗಡಗಳಾಗಿ, ಅವುಗಳೊಳಗೆ ಕುಲಗಳಾಗಿ ಒಡೆದಿವೆ. ಕುಲ ಬರುವುದು ತಾಯಿಯಿಂದ. ಮದುವೆ ಆಚೆಯ ಪಂಗಡದೊಡನೆ. ತುಳುನಾಡಿನ ಅಳಿಯಕಟ್ಟನ್ನು ಬಲ್ಲ ಕನ್ನಡಿಗರಿಗೆ ಇದು ಬೇಗ ಹಿಡಿಸೀತು: ಮನೆಯ ಯಜಮಾನಿಕೆ ಮಗನಿಗಲ್ಲ, ಸೋದರಳಿಯನಿಗೆ. ಒಂದೊಂದು ಕುಲಕ್ಕೂ ತನ್ನ ಲಾಂಛನಗಳಿವೆ, ಕಥೆಗಳಿವೆ, ಹಾಡುಗಳಿವೆ, ಹೆಸರುಗಳಿವೆ, ಹೊಳೆಗಳ ಮೇಲೆ ಹಕ್ಕುಗಳಿವೆ. ಒಂದು ಟೋಪಿ ಅಥವಾ ಕಂಬ ಇವೆಲ್ಲವನ್ನೂ ಹೊತ್ತು ನಿಂತಿರುತ್ತದೆ. ಪಾಟ್‌ಲ್ಯಾಚ್ ಎಂಬ ದೊಡ್ಡ ಔತಣದಲ್ಲಿ ಅದನ್ನು ಎದುರು ಪಂಗಡದವರ ಮುಂದೆ ಪ್ರದರ್ಶಿಸಿ, ಅವರಿಗೆ ಉಡುಗೊರೆ ಹಂಚಿ, ಅವರನ್ನು ಸಾಕ್ಷಿಯಾಗಿಸಿದ ಮೇಲೆಯೇ ಹಕ್ಕು ಗಟ್ಟಿಯಾಗುತ್ತದೆ. ಟ್ಲಿಂಗಿಟ್ ಭಾಷೆಯಲ್ಲಿ ಇಂಥ ಕುಲಸ್ವತ್ತಿಗೆ ಅಟ್‌ಊ ಎನ್ನುತ್ತಾರೆ. ಅದನ್ನು ಕಾಯುವವನು ಕುಲದ ಒಬ್ಬ ಹಿರಿಯ, ಆದರೆ ಅವನು ಕಾವಲುಗಾರ ಮಾತ್ರ. ಹಸಿವೆಯಾಯಿತೆಂದೋ ಸಾಲವಾಯಿತೆಂದೋ ಅವನೊಬ್ಬನೇ ಅದನ್ನು ಮಾರುವಂತಿಲ್ಲ.

ಹಾಗಿದ್ದೂ ಮಾರಾಟ ನಡೆದದ್ದೇಕೆ? 1862ರಲ್ಲಿ ವಿಕ್ಟೋರಿಯಾ ಪಟ್ಟಣದಿಂದ ಸಿಡುಬು ಕರಾವಳಿಯುದ್ದಕ್ಕೂ ಹರಡಿತು. ಸಾವಿರಾರು ಸಂಖ್ಯೆಯಲ್ಲಿದ್ದ ಹೈಡಾ ಜನ ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಸುಮಾರು 600ಕ್ಕೆ ಇಳಿದಿದ್ದರು. ಹತ್ತಾರು ಹಳ್ಳಿಗಳು ಖಾಲಿಯಾಗಿ, ಬದುಕುಳಿದವರು ಸ್ಕಿಡೆಗೇಟ್ ಮತ್ತು ಮ್ಯಾಸೆಟ್‌ನಲ್ಲಿ ಒಟ್ಟುಗೂಡಿದರು. ಅದರ ಬೆನ್ನಿಗೇ ಕೆನಡಾ ಸರ್ಕಾರ 1885ರಿಂದ ಪಾಟ್‌ಲ್ಯಾಚನ್ನು ಅಪರಾಧವೆಂದು ಸಾರಿತು. ಆ ಕಾನೂನು ತೆಗೆದುಹಾಕಿದ್ದು 1951ರಲ್ಲಿ. ಹಕ್ಕನ್ನು ಸಾಬೀತುಮಾಡುವ ಸಭೆಯೇ ಅಪರಾಧವಾದಾಗ ಅದರ ಮುಖವಾಡ, ಟೋಪಿಗಳಿಗೆ ಮನೆಯಲ್ಲಿ ಏನು ಸ್ಥಾನ? ಇವುಗಳನ್ನು ಬಿಟ್ಟುಬಿಡಿ ಎಂದು ಪಾದ್ರಿಗಳ ಒತ್ತಾಯ ಬೇರೆ. ಇದೇ ಹೊತ್ತಿಗೆ ನ್ಯೂಯಾರ್ಕ್, ಷಿಕಾಗೊ, ಬರ್ಲಿನ್, ಲಂಡನ್ನಿನ ಮ್ಯೂಸಿಯಂಗಳು ಪೈಪೋಟಿಯಲ್ಲಿ ಸಂಗ್ರಾಹಕರನ್ನು ಕಳುಹಿಸುತ್ತಿದ್ದವು. ಈ ಜನಾಂಗ ಅಳಿದುಹೋಗುತ್ತದೆ, ಅದಕ್ಕೆ ಮುಂಚೆ ಸಿಕ್ಕಿದ್ದನ್ನು ಉಳಿಸಿಕೊಳ್ಳಬೇಕು ಎಂಬುದು ಅವರ ಸಮರ್ಥನೆ. ಇಂಥ ಪರಿಸ್ಥಿತಿಯಲ್ಲಿ ಬರೆದ ರಸೀದಿಯನ್ನು ಒಪ್ಪಿಗೆಯ ಪತ್ರವೆಂದು ಓದಲು ನನ್ನ ಮನಸ್ಸು ಒಪ್ಪುವುದಿಲ್ಲ.

ರಸೀದಿಯೂ ಇಲ್ಲದ ಪ್ರಕರಣಗಳಿವೆ. 1899ರ ಬೇಸಿಗೆಯಲ್ಲಿ ರೈಲು ಉದ್ಯಮಿ ಎಡ್ವರ್ಡ್ ಹ್ಯಾರಿಮನ್ ವಿಜ್ಞಾನಿಗಳನ್ನೂ ಕಲಾವಿದರನ್ನೂ ತುಂಬಿಕೊಂಡು ಹಡಗಿನಲ್ಲಿ ಅಲಾಸ್ಕಾ ಸುತ್ತಿದ. ಕೇಪ್ ಫಾಕ್ಸ್ ಎಂಬಲ್ಲಿನ ಟ್ಲಿಂಗಿಟ್ ಹಳ್ಳಿಯಲ್ಲಿ ಜನ ಇರಲಿಲ್ಲ. ಕೆಲವೇ ವರ್ಷಗಳ ಹಿಂದೆ ಅವರು ಸ್ಯಾಕ್ಸ್‌ಮನ್ ಎಂಬಲ್ಲಿಗೆ ಹೋಗಿ ನೆಲೆಸಿದ್ದರು. ಊರು ತೊರೆದುಹೋದದ್ದು ಎಂದು ತೀರ್ಮಾನಿಸಿ ಯಾತ್ರಿಕರು ಕಂಬಗಳನ್ನೂ ಮನೆಯ ಕೆತ್ತನೆಗಳನ್ನೂ ಇಳಿಸಿ ಹಡಗಿಗೆ ಹಾಕಿಕೊಂಡರು. ಅವು ಹಾರ್ವರ್ಡ್, ಕಾರ್ನೆಲ್, ಷಿಕಾಗೊ, ಸಿಯಾಟಲ್‌ಗಳಿಗೆ ಹಂಚಿಹೋದವು. 2001ರಲ್ಲಿ ಈ ಸಂಸ್ಥೆಗಳು ಅವನ್ನು ಹಿಂದಿರುಗಿಸಿದವು. ಹಾರ್ವರ್ಡಿಗೆ ಕೇಪ್ ಫಾಕ್ಸ್ ಜನ ಒಂದು ಸೀಡರ್ ದಿಮ್ಮಿಯನ್ನು ಕೊಟ್ಟರು. ಟ್ಲಿಂಗಿಟ್ ಶಿಲ್ಪಿ ನೇಥನ್ ಜ್ಯಾಕ್ಸನ್ ಅದರಲ್ಲಿ ಹೊಸ ಕಂಬ ಕೆತ್ತಿದರು. ಮ್ಯೂಸಿಯಂ ಬರಿದಾಗಲಿಲ್ಲ, ಊರಿನವರ ಸಮ್ಮತಿಯೊಂದಿಗೆ ಬಂದ ಕಂಬ ಈಗ ಅಲ್ಲಿದೆ.

ಎಲ್ಲಕ್ಕಿಂತ ಜಟಿಲವಾದದ್ದು, ಆದ್ದರಿಂದಲೇ ಹೆಚ್ಚು ಕಲಿಸುವಂಥದ್ದು, ಚಿಲ್ಕಾಟ್ ನದಿಯ ದಂಡೆಯ ಕ್ಲುಕ್ವಾನ್ ಹಳ್ಳಿಯ ತಿಮಿಂಗಿಲ ಮನೆಯ ಪ್ರಕರಣ. ಆ ಮನೆಯ ನಾಲ್ಕು ಕೆತ್ತಿದ ಕಂಬಗಳು ಮತ್ತು ಹಿಂಗೋಡೆಯ ಚಿತ್ರಫಲಕವನ್ನು ಈ ಕರಾವಳಿಯ ಕಲೆಯಲ್ಲೇ ಶ್ರೇಷ್ಠವೆಂದು ಅನೇಕರು ಎಣಿಸುತ್ತಾರೆ. ಒಡೆತನ ಗಾನೆಕ್ಸ್‌ತೇದಿ ಎಂಬ ರೇವನ್ ಕುಲದ್ದು. ಅದೇ ಊರಿನಲ್ಲಿ ಹುಟ್ಟಿದ ಲೂಯಿ ಷಾಟ್ರಿಜ್ ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮ್ಯೂಸಿಯಂಗೆ ಸಂಗ್ರಾಹಕನಾದ. ತನ್ನ ಜನರ ಹಿರಿಮೆಯನ್ನು ಜಗತ್ತಿಗೆ ತೋರಿಸಬೇಕೆಂಬ ಹಂಬಲ ಅವನದು, ಅದು ಸುಳ್ಳೆನ್ನಲು ಕಾರಣವಿಲ್ಲ. 1920ರ ದಶಕದಲ್ಲಿ ಅವನು ಈ ಮನೆಯ ಕೆತ್ತನೆಗಳಿಗೂ ಕೈಚಾಚಿದ. ತನ್ನ ತಂದೆ ಆ ಮನೆಯ ಯಜಮಾನನಾಗಿದ್ದರಿಂದ ತನಗೆ ಹಕ್ಕಿದೆ ಎಂಬುದು ವಾದ. ಅಮೆರಿಕದ ಕಾನೂನಿನ ಕಣ್ಣಿಗೆ ಅದು ಸಹಜ. ಟ್ಲಿಂಗಿಟ್ ಕಟ್ಟಳೆಯಲ್ಲಾದರೋ ಮಗ ತಾಯಿಯ ಕುಲದವನು, ತಂದೆಯ ಮನೆಯ ಸ್ವತ್ತಿಗೆ ಅವನು ಹೊರಗಿನವನು. ಊರು ಬಿಟ್ಟುಕೊಡಲಿಲ್ಲ.

ಅಲ್ಲಿಗೂ ಮುಗಿಯಲಿಲ್ಲ. 1976ರಲ್ಲಿ ಹಳ್ಳಿಯ ಮಂಡಳಿ, ಅನುಮತಿಯಿಲ್ಲದೆ ಇಂಥ ವಸ್ತುಗಳನ್ನು ಊರಿನಿಂದ ಹೊರಗೆ ಒಯ್ಯಬಾರದೆಂದು ಕಾಯ್ದೆ ಮಾಡಿತು. ಆದರೂ 1984ರಲ್ಲಿ ಒಬ್ಬ ಕಲಾ ವ್ಯಾಪಾರಿಯ ಏರ್ಪಾಡಿನಲ್ಲಿ, ಕುಲದ ಕೆಲವರದೇ ಒಪ್ಪಿಗೆಯಿಂದ, ಎಲ್ಲವೂ ಸಿಯಾಟಲ್‌ಗೆ ಸಾಗಿದವು. ಮೊಕದ್ದಮೆ ಫೆಡರಲ್ ನ್ಯಾಯಾಲಯಗಳಲ್ಲಿ ಅಲೆದು ಕೊನೆಗೆ ಹಳ್ಳಿಯ ಬುಡಕಟ್ಟು ನ್ಯಾಯಾಲಯಕ್ಕೇ ಬಂತು. ಅದು 1993ರಲ್ಲಿ, ಇವು ಕುಲದ ಸ್ವತ್ತು, ಕೆಲವರು ಸೇರಿ ಮಾರಲಾಗದು, ಹಿಂದಕ್ಕೆ ತನ್ನಿ ಎಂದು ತೀರ್ಪು ಕೊಟ್ಟಿತು. 1994ರಲ್ಲಿ ಅವು ಮರಳಿದವು. ಇದು ಬಿಳಿಯರು ಮತ್ತು ಬುಡಕಟ್ಟಿನವರು ಎಂದು ಸರಳವಾಗಿ ಎರಡು ಪಾಲು ಮಾಡಬಹುದಾದ ಕಥೆಯಲ್ಲ. ಮಾರಲು ಮುಂದಾದವರೂ ಒಳಗಿನವರೇ. ಅವರ ಒಪ್ಪಿಗೆ ಸಾಕೇ ಸಾಲದೇ ಎಂಬುದನ್ನು ಅವರದೇ ಕಟ್ಟಳೆಯಿಂದ ಅಳೆದದ್ದು ಈ ತೀರ್ಪಿನ ದೊಡ್ಡಸ್ತಿಕೆ.

ಅಮೆರಿಕದ ಸಂಸತ್ತು 1990ರಲ್ಲಿ ತಂದ ಕಾಯ್ದೆಯಲ್ಲೂ ಈ ತತ್ತ್ವಕ್ಕೆ ಜಾಗ ಸಿಕ್ಕಿದೆ. ನಾಗ್‌ಪ್ರಾ ಎಂದು ಚಿಕ್ಕದಾಗಿ ಕರೆಯುವ ಅದು ಮೂಲನಿವಾಸಿಗಳ ಅಸ್ಥಿಗಳನ್ನೂ ಸಮಾಧಿಯ ವಸ್ತುಗಳನ್ನೂ ಪವಿತ್ರ ವಸ್ತುಗಳನ್ನೂ ಹಿಂದಿರುಗಿಸುವ ದಾರಿ ಹೇಳುತ್ತದೆ. ಜೊತೆಗೆ ಯಾವ ಒಬ್ಬ ವ್ಯಕ್ತಿಯೂ ಪರಭಾರೆ ಮಾಡಲಾಗದ ಸಮುದಾಯದ ಸ್ವತ್ತು ಎಂಬ ವರ್ಗವನ್ನೂ ಗುರುತಿಸುತ್ತದೆ. ಆದರೆ ಕೊಳ್ಳುವಾಗ ನಮಗೆ ಸರಿಯಾದ ಹಕ್ಕು ದಾಟಿಬಂದಿತ್ತು ಎಂದು ಮ್ಯೂಸಿಯಂ ವಾದಿಸಲು ಅವಕಾಶವಿದೆ. ಹೂನಾ ಹಳ್ಳಿಯ ಬಸವನಹುಳು ಮನೆಯ ವಸ್ತುಗಳ ವಿಷಯದಲ್ಲಿ ಆದದ್ದು ಅದೇ. ಷಾಟ್ರಿಜ್ 1924ರಲ್ಲಿ 500 ಡಾಲರಿಗೆ ಅವನ್ನು ಒಬ್ಬನಿಂದ ಕೊಂಡಿದ್ದ. ತಕ್‌ದೇನ್ತಾನ್ ಕುಲದ ಪರವಾಗಿ ಹೂನಾದವರು 1990ರ ದಶಕದಲ್ಲೇ ಬೇಡಿಕೆ ಇಟ್ಟರು, ಪೆನ್ಸಿಲ್ವೇನಿಯಾದ ಆ ಮ್ಯೂಸಿಯಂ ಖರೀದಿ ಸಿಂಧು ಎಂದಿತು. 2010ರಲ್ಲಿ ಕಾಯ್ದೆಯಡಿಯ ಪರಿಶೀಲನಾ ಸಮಿತಿ ಕುಲದ ಪರವಾಗಿ ಅಭಿಪ್ರಾಯ ಕೊಟ್ಟಿತು. ಸಮಿತಿಯದು ಸಲಹೆ ಮಾತ್ರ, ಆಜ್ಞೆಯಲ್ಲ. ಕಾಯ್ದೆ ಬಂದು ಇಪ್ಪತ್ತು ವರ್ಷವಾದ ಮೇಲೂ ಹಳ್ಳಿಯೊಂದು ಇಷ್ಟು ದೂರ ನಡೆಯಬೇಕಾಗಿ ಬಂತು ಎಂಬುದನ್ನು ಗಮನಿಸಬೇಕು.

ಈ ಸುದ್ದಿ ಮತ್ತೆ ಮುಂಚೂಣಿಗೆ ಬಂದದ್ದು 2024ರ ಜನವರಿಯಲ್ಲಿ ಜಾರಿಯಾದ ಇದೇ ಕಾಯ್ದೆಯ ಹೊಸ ನಿಯಮಗಳಿಂದ. ಇಂಥ ವಸ್ತುಗಳನ್ನು ಪ್ರದರ್ಶಿಸುವ, ಅಧ್ಯಯನಕ್ಕೆ ಕೊಡುವ ಮುನ್ನ ಸಂಬಂಧಪಟ್ಟ ಸಮುದಾಯದ ಸಮ್ಮತಿ ಬೇಕು ಎಂದು ಅವು ಹೇಳುತ್ತವೆ. ಸಮುದಾಯದ ಪರಂಪರೆಯ ತಿಳಿವಳಿಕೆಗೆ ಗೌರವ ಕೊಡಬೇಕು ಎಂದೂ ಹೇಳುತ್ತವೆ. ಆ ತಿಂಗಳೇ ನ್ಯೂಯಾರ್ಕಿನ ಮ್ಯೂಸಿಯಂ ಎರಡು ದೊಡ್ಡ ಅಂಗಣಗಳನ್ನು ಮುಚ್ಚಿತು. ಷಿಕಾಗೊದ ಫೀಲ್ಡ್ ಮ್ಯೂಸಿಯಂ ಹಲವು ಗಾಜಿನ ಕಪಾಟುಗಳಿಗೆ ಹೊದಿಕೆ ಹಾಕಿತು. ಶಾಲಾ ಮಕ್ಕಳು ಇನ್ನೇನು ನೋಡಬೇಕು ಎಂಬ ಆಕ್ಷೇಪ ಎದ್ದಿತು. ಮೂರು ದಶಕ ಕೇಳದೇ ತೋರಿಸಿದ್ದನ್ನು ಈಗ ಕೇಳಿ ತೋರಿಸಬೇಕಾಗಿದೆ, ಅಷ್ಟೇ. ಅದಕ್ಕೂ ಮುಂಚೆ, 2022ರ ಡಿಸೆಂಬರಿನಲ್ಲಿ, ಇಂಥ ಸ್ವತ್ತುಗಳನ್ನು ಅಮೆರಿಕದಿಂದ ಹೊರದೇಶಕ್ಕೆ ಸಾಗಿಸುವುದನ್ನು ನಿಷೇಧಿಸುವ ಕಾಯ್ದೆಯೂ ಬಂದಿದೆ.

ವಾಪಸಾತಿಯನ್ನು ವಿರೋಧಿಸುವವರ ಎರಡು ಮಾತುಗಳನ್ನು ತಳ್ಳಿಹಾಕದೆ ನೋಡಬೇಕು. ಮೊದಲನೆಯದು, ಮ್ಯೂಸಿಯಂ ಇಲ್ಲದಿದ್ದರೆ ಇವೆಲ್ಲ ಕೊಳೆತುಹೋಗುತ್ತಿದ್ದವು ಎಂಬುದು. ಮಳೆಕಾಡಿನಲ್ಲಿ ಸೀಡರ್ ಕಂಬದ ಆಯುಸ್ಸು ಹೆಚ್ಚೆಂದರೆ ನೂರೈವತ್ತು ವರ್ಷ. ಹೈಡಾ ಗ್ವಾಯ್‌ನ ದಕ್ಷಿಣ ತುದಿಯ ಸ್ಗಾಂಗ್ ಗ್ವಾಯ್ ಹಳ್ಳಿಯಿಂದ 1957ರಲ್ಲಿ ಹಲವು ಕಂಬಗಳನ್ನು ವಿಕ್ಟೋರಿಯಾ, ವ್ಯಾಂಕೂವರ್‌ನ ಮ್ಯೂಸಿಯಂಗಳಿಗೆ ಸಾಗಿಸಿದರು. ಉಳಿದವು ಅಲ್ಲೇ ಇವೆ, ಓರೆಯಾಗಿ, ಪಾಚಿ ಹಿಡಿದು. 1981ರಿಂದ ಅದು ವಿಶ್ವ ಪಾರಂಪರಿಕ ತಾಣ. ಅವನ್ನು ರಾಸಾಯನಿಕ ಹಾಕಿ ಕಾಪಿಡುವುದು ಬೇಡ, ಕಂಬ ನೆಲಕ್ಕೆ ಮರಳಲಿ ಎಂಬುದು ಹೈಡಾ ನಿಲುವು. ಬಿದ್ದ ಕಂಬದ ಜಾಗದಲ್ಲಿ ಹೊಸದನ್ನು ನಿಲ್ಲಿಸುವ ಹಕ್ಕು, ಅದನ್ನು ಕೆತ್ತಬಲ್ಲ ಕೈಗಳು, ಅದಕ್ಕೆ ಸಾಕ್ಷಿಯಾಗುವ ಜನ ಉಳಿದರೆ ಪರಂಪರೆ ಉಳಿಯಿತು. 2013ರ ಆಗಸ್ಟಿನಲ್ಲಿ ಈ ಹಳ್ಳಿಯೂ ಇರುವ ಗ್ವಾಯ್ ಹಾನಸ್ ಎಂಬ ದಕ್ಷಿಣದ ಪ್ರದೇಶದಲ್ಲಿ, ಜಾಲೆನ್ ಎಡೆನ್‌ಶಾ ಕೆತ್ತಿದ 42 ಅಡಿಯ ಹೊಸ ಕಂಬ ಎದ್ದು ನಿಂತಿತು. ಆ ಭಾಗದಲ್ಲಿ 130 ವರ್ಷಗಳಲ್ಲಿ ಅದೇ ಮೊದಲನೆಯದು.

ಎರಡನೆಯ ಮಾತು ಇದಕ್ಕಿಂತ ಗಟ್ಟಿ: ಮ್ಯೂಸಿಯಂಗಳೇ ಈ ಕಲೆಗೆ ಮರುಜೀವ ಕೊಟ್ಟವು ಎಂಬುದು. ಇದರಲ್ಲಿ ಸತ್ಯವಿದೆ. ಹೈಡಾ ಶಿಲ್ಪಿ ಬಿಲ್ ರೀಡ್ (1920–1998) ತಮ್ಮ ಬಂಧುವೇ ಆದ ಚಾರ್ಲ್ಸ್ ಎಡೆನ್‌ಶಾರಂಥ ಹಳೆಯ ಗುರುಗಳ ಕೆಲಸವನ್ನು ಮ್ಯೂಸಿಯಂಗಳಲ್ಲಿ ನೋಡಿ ನೋಡಿಯೇ ಕಲಿತರು. ಇನ್ನೊಬ್ಬ ಹೈಡಾ ಶಿಲ್ಪಿ ರಾಬರ್ಟ್ ಡೇವಿಡ್‌ಸನ್ 1969ರಲ್ಲಿ, ಇನ್ನೂ 22ರ ಹರೆಯದಲ್ಲಿ, ಮ್ಯಾಸೆಟ್‌ನಲ್ಲಿ ಸುಮಾರು 90 ವರ್ಷಗಳ ನಂತರದ ಮೊದಲ ಕಂಬವನ್ನು ಎತ್ತಿದಾಗಲೂ ಅದರ ಹಿಂದೆ ಸಂಗ್ರಹಗಳ ಅಧ್ಯಯನವಿತ್ತು. ಆದರೆ ಆ ಕಂಬ ಎದ್ದ ದಿನ ಊರಿನ ವೃದ್ಧರು ಹಾಡಿದ, ಕುಣಿದ ಹಾಡುಗಳು ಯಾವ ಕಪಾಟಿನಲ್ಲೂ ಇರಲಿಲ್ಲ. ಮರ ಒಂದು ಕಡೆ, ಹಾಡು ಇನ್ನೊಂದು ಕಡೆ ಉಳಿದಿದ್ದವು. ಕಲಿಯಲು ಸಾವಿರಾರು ಮೈಲಿ ಹೋಗಬೇಕಾಗಿ ಬಂದದ್ದನ್ನು ಮ್ಯೂಸಿಯಂನ ಉಪಕಾರ ಎಂದಷ್ಟೇ ಲೆಕ್ಕ ಹಾಕಿದರೆ ಅರ್ಧ ಕಥೆ ಹೇಳಿದಂತೆ.

ಎಲ್ಲವನ್ನೂ ಹಿಂದಕ್ಕೆ ಕೊಟ್ಟರೆ ಮ್ಯೂಸಿಯಂಗಳು ಖಾಲಿಯಾಗುತ್ತವೆ ಎಂಬ ಭಯಕ್ಕೆ ಹೈಡಾ ಜನರ ಕಪ್ಪು ಕಲ್ಲಿನ ಕೆತ್ತನೆಗಳೇ ಉತ್ತರ. ಆರ್ಜಿಲೈಟ್ ಎಂಬ ಈ ಮೆದು ಕಲ್ಲು ಸ್ಕಿಡೆಗೇಟ್ ಬಳಿಯ ಬೆಟ್ಟದಲ್ಲಿ ಸಿಗುತ್ತದೆ. 1820ರ ದಶಕದ ಸುಮಾರಿನಿಂದ ನಾವಿಕರಿಗೆ ಮಾರಲೆಂದೇ ಹೈಡಾ ಶಿಲ್ಪಿಗಳು ಇದರಲ್ಲಿ ಹೊಗೆ ಸೇದುವ ಕೊಳವೆ, ತಟ್ಟೆ, ಪುಟ್ಟ ಕಂಬಗಳನ್ನು ಕೆತ್ತಿದರು, ಇಂದಿಗೂ ಕೆತ್ತುತ್ತಾರೆ. ಪ್ರಪಂಚದ ಎಷ್ಟೋ ಮ್ಯೂಸಿಯಂಗಳಲ್ಲಿ ಅವಿವೆ. ಮಾರಲು ಮಾಡಿದ್ದು ಯಾವುದು, ಮಾರಲಾಗದ್ದು ಯಾವುದು ಎಂಬ ಗೆರೆ ಆ ಸಮಾಜಕ್ಕೆ ಚೆನ್ನಾಗಿ ಗೊತ್ತು. ವಾಪಸಾತಿಯ ಒತ್ತಾಯ ಇರುವುದು ಗೆರೆಯ ಆಚೆಯ ವಸ್ತುಗಳಿಗೆ.

ಮೂಲ ಮತ್ತು ಪ್ರತಿಕೃತಿಯ ವಿಷಯದಲ್ಲೂ ಅವರ ಯೋಚನೆ ನಾವು ನಿರೀಕ್ಷಿಸಿದಂತಿಲ್ಲ. ಅಂಗೂನಿನ ದಕ್ಲವೇದಿ ಕುಲದ ಓರ್ಕಾ ತಿಮಿಂಗಿಲದ ಟೋಪಿಯನ್ನು ಸ್ಮಿತ್‌ಸೋನಿಯನ್ ಸಂಸ್ಥೆ 2005ರಲ್ಲಿ ಹಿಂದಿರುಗಿಸಿತು. ಆಮೇಲೆ ಕುಲದ ಅನುಮತಿಯಿಂದ ಅದನ್ನು ತ್ರೀಡಿ ಸ್ಕ್ಯಾನ್ ಮಾಡಿ, ಯಂತ್ರದಿಂದ ಕೆತ್ತಿದ ಪ್ರತಿಯನ್ನು ವಾಷಿಂಗ್ಟನ್ನಿನ ಮ್ಯೂಸಿಯಂನಲ್ಲಿ ಇಟ್ಟರು. ಮೂಲ ಊರಲ್ಲಿದೆ, ಪ್ರತಿ ಪ್ರದರ್ಶನದಲ್ಲಿ. ಕಿಕ್ಸಾದಿ ಕುಲದ ಸ್ಕಲ್ಪಿನ್ ಮೀನಿನ ಟೋಪಿಯದು ಇದರ ತಿರುವು. 1884ರಲ್ಲಿ ಸಿಟ್ಕಾದಿಂದ ಹೋದ ಆ ಟೋಪಿ ತೊಡಲಾಗದಷ್ಟು ಒಡೆದಿತ್ತು. ಅದನ್ನು ಸ್ಕ್ಯಾನ್ ಮಾಡಿ, ಬಿಟ್ಟುಹೋದ ಭಾಗಗಳನ್ನು ತುಂಬಿ ಹೊಸದು ಮಾಡಿ, 2019ರಲ್ಲಿ ಜೂನೋ ನಗರದಲ್ಲಿ ಎದುರು ಪಂಗಡದವರ ಸಾಕ್ಷಿಯಲ್ಲಿ ವಿಧಿಪೂರ್ವಕವಾಗಿ ಕುಲಸ್ವತ್ತಾಗಿ ಸ್ವೀಕರಿಸಿದರು. ಇಲ್ಲಿ ಹೊಸದಕ್ಕೇ ಜೀವ. ಹಳೆಯ ಮರ ಎಂಬ ಕಾರಣಕ್ಕೆ ವಸ್ತುವಿಗೆ ಬೆಲೆ ಕಟ್ಟುವ ಮ್ಯೂಸಿಯಂ ದೃಷ್ಟಿಗೂ ಇದಕ್ಕೂ ಬಹಳ ದೂರ.

ಗಡಿ ದಾಟಿದರೆ ಕಾನೂನಿನ ಬಲ ಇಲ್ಲವಾಗುತ್ತದೆ. ಕೆನಡಾದಲ್ಲಿ ನಾಗ್‌ಪ್ರಾದಂಥ ರಾಷ್ಟ್ರೀಯ ಕಾಯ್ದೆಯೇ ಇಲ್ಲ. ಅಂಥದೊಂದು ಮಸೂದೆ 2019ರಲ್ಲಿ ಸಂಸತ್ತಿನ ಅವಧಿಯೊಂದಿಗೆ ಬಿದ್ದುಹೋಯಿತು. ಆದ್ದರಿಂದ ಹೈಡಾ ಜನ ನಂಬಿದ್ದು ತಮ್ಮ ಶ್ರಮವನ್ನು. 1990ರ ದಶಕದಿಂದ ಸ್ವಯಂಸೇವಕರ ಸಮಿತಿಗಳು ಪತ್ರ ಬರೆದು, ಚಂದಾ ಎತ್ತಿ, ಮ್ಯೂಸಿಯಂಗಳಲ್ಲಿದ್ದ 400ಕ್ಕೂ ಹೆಚ್ಚು ಪೂರ್ವಜರ ಅಸ್ಥಿಗಳನ್ನು ಊರಿಗೆ ತಂದವು. ಅವರನ್ನು ಮಣ್ಣು ಮಾಡಲು ಊರಿನವರು ಪೆಟ್ಟಿಗೆ ಕಟ್ಟಿದರು, ಅಂಗಿಗೆ ಹಾಕುವಂಥ ಗುಂಡಿಗಳನ್ನು ಕೂರಿಸಿದ ಹೊದಿಕೆಗಳನ್ನು ಹೊಲಿದರು, ಆ ಕೆಲಸಕ್ಕೆ ಮಕ್ಕಳೂ ಕೈಜೋಡಿಸಿದರು. ಕೆತ್ತನೆಗಳಿಗಿಂತ ಮುಂಚೆ ಮನುಷ್ಯರು ಬರಬೇಕು ಎಂಬುದು ಅವರು ತಾವೇ ನಿಶ್ಚಯಿಸಿದ ಕ್ರಮ.

ಯುರೋಪಿನಲ್ಲಿ ಎಲ್ಲವೂ ಆಯಾ ಸಂಸ್ಥೆಯ ಮನಸ್ಸಿಗೆ ಬಿಟ್ಟದ್ದು. ನೆರೆಯ ನಿಸ್ಗಾ ಜನಾಂಗದ ಸ್ಮಾರಕ ಕಂಬವನ್ನು ಸ್ಕಾಟ್ಲೆಂಡಿನ ರಾಷ್ಟ್ರೀಯ ಮ್ಯೂಸಿಯಂ 2023ರಲ್ಲಿ ಮರಳಿಸಿತು. ಅದು ಊರು ಬಿಟ್ಟದ್ದು 1929ರಲ್ಲಿ. ಆಕ್ಸ್‌ಫರ್ಡಿನ ಪಿಟ್ ರಿವರ್ಸ್ ಮ್ಯೂಸಿಯಂ 2009ರಲ್ಲಿ 21 ಹೈಡಾ ಪ್ರತಿನಿಧಿಗಳನ್ನು ಕರೆಸಿ ವಸ್ತುಗಳನ್ನು ಅವರ ಕೈಗೆ ಕೊಟ್ಟಿತು. 2014ರಲ್ಲಿ ಗ್ವಾಯ್ ಮತ್ತು ಜಾಲೆನ್ ಎಡೆನ್‌ಶಾ ಸೋದರರು ಅಲ್ಲೇ ಕೂತು ಒಂದು ಮಹಾಪೆಟ್ಟಿಗೆಯ ಪ್ರತಿ ಕೆತ್ತಿ ಊರಿಗೆ ಒಯ್ದರು. ಮೂಲ ಪೆಟ್ಟಿಗೆ ಆಕ್ಸ್‌ಫರ್ಡಿನಲ್ಲೇ ಉಳಿಯಿತು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಕಾಯುಂಗ್ ಹಳ್ಳಿಯ ಹೈಡಾ ಕಂಬವಿದೆ, 1903ರಲ್ಲಿ ಕೊಂಡದ್ದು. 1963ರ ಕಾಯ್ದೆಯೊಂದು ಆ ಸಂಸ್ಥೆ ತನ್ನ ಸಂಗ್ರಹದಿಂದ ವಸ್ತು ಬಿಟ್ಟುಕೊಡುವುದನ್ನು ಬಹುಪಾಲು ತಡೆಯುತ್ತದೆ. ಸೇಂಟ್ ಪೀಟರ್ಸ್‌ಬರ್ಗಿನ ಕುನ್ಸ್ಟ್‌ಕಾಮೆರಾ ಮ್ಯೂಸಿಯಂನಲ್ಲಿ, ಅಲಾಸ್ಕಾ ರಷ್ಯಾದ ಕೈಯಲ್ಲಿದ್ದ ಕಾಲದ ಟ್ಲಿಂಗಿಟ್ ಶಿರಸ್ತ್ರಾಣ, ಮುಖವಾಡಗಳ ದೊಡ್ಡ ಸಂಗ್ರಹವಿದೆ. ಅದರತ್ತ ತಲುಪುವ ದಾರಿಯೇ ಸದ್ಯಕ್ಕೆ ಕಾಣುವುದಿಲ್ಲ.

ಬಂದ ಮೇಲೂ ತೊಡಕುಗಳಿವೆ. ಹುಳ ಹತ್ತದಂತೆ ಮ್ಯೂಸಿಯಂಗಳು ಹಿಂದೆ ಆರ್ಸೆನಿಕ್, ಪಾದರಸದಂಥ ವಿಷಗಳನ್ನು ಬಳಿಯುತ್ತಿದ್ದವು. ಕುಣಿತದಲ್ಲಿ ತಲೆಯ ಮೇಲೆ ತೊಡಬೇಕಾದ ಟೋಪಿಯನ್ನು ಮೊದಲು ಪ್ರಯೋಗಾಲಯಕ್ಕೆ ಕಳುಹಿಸಬೇಕಾಗುತ್ತದೆ. ಹುಡುಕಾಟಕ್ಕೂ ಪ್ರಯಾಣಕ್ಕೂ ವಕೀಲರಿಗೂ ಹಣ ಬೇಕು. ಕೆಲವೇ ನೂರು ಜನರ ಹಳ್ಳಿಗಳಿಗೆ ಅದು ಸಣ್ಣ ಹೊರೆಯಲ್ಲ. 2024ರ ನಿಯಮಗಳು ಪಟ್ಟಿಗಳನ್ನು ಪರಿಷ್ಕರಿಸಲು ಐದು ವರ್ಷದ ಗಡುವು ಹಾಕಿವೆ, ಆದರೆ ಆ ಗಡುವು ಅಸ್ಥಿಗಳಿಗೆ ಮತ್ತು ಅವುಗಳೊಂದಿಗೆ ಸಿಕ್ಕ ಸಮಾಧಿ ವಸ್ತುಗಳಿಗೆ ಸಂಬಂಧಿಸಿದ್ದು. ಕುಲದ ಟೋಪಿ, ಮನೆಗಂಬ, ಪೆಟ್ಟಿಗೆಗಳು ಹೊರಡಬೇಕಾದರೆ ಇಂದಿಗೂ ಕುಲದವರೇ ಅರ್ಜಿ ಹಾಕಬೇಕು, ಪುರಾವೆ ಒದಗಿಸಬೇಕು. ಈ ಹೊರೆಯನ್ನು ಮ್ಯೂಸಿಯಂಗಳು ಹೊರಬೇಕು. ಯಾರಿಂದ, ಯಾವ ವರ್ಷ, ಎಷ್ಟಕ್ಕೆ ಕೊಂಡೆವು ಎಂಬ ಕಡತಗಳು ಇರುವುದು ಅವರ ಬಳಿ. ಬೇಡಿಕೆ ಬರುವವರೆಗೆ ಕಾಯದೆ, ಆ ಕಡತಗಳ ಪ್ರತಿಯನ್ನೂ ಪ್ರತಿ ವಸ್ತುವಿನ ಚಿತ್ರವನ್ನೂ ಅಂಗೂನ್, ಹೂನಾ, ಕ್ಲುಕ್ವಾನ್, ಸ್ಕಿಡೆಗೇಟ್, ಮ್ಯಾಸೆಟ್‌ಗಳಿಗೆ ಅವರೇ ಕಳುಹಿಸಿಕೊಡಲು ಯಾವ ಕಾನೂನೂ ಅಡ್ಡಿಯಾಗಿಲ್ಲ.